ನಾಲ್ಕು ಜೊತೆ ಕೈಗವಸು

ಕೈಗವಸಿನ ಪೆಟ್ಟಿಗೆಯನ್ನು ಹನ್ನೊಂದು ತಿಂಗಳು ಮ್ಯಾನೇಜರ್ ಕಿತಿಯೋನೆಯ ಬೀರುವಿನಲ್ಲಿಟ್ಟು ಬೀಗ ಹಾಕಲಾಗಿತ್ತು. ಆ ಹನ್ನೊಂದು ತಿಂಗಳೂ ಹನ್ನೆರಡು ಹೆಂಗಸರು ಬರಿಗೈಯಲ್ಲಿ ಶುಂಠಿ ಹೆಚ್ಚಿದರು.

ಇವತ್ತು ಬೀಗ ತೆರೆಯಿತು. ನೌಸೋರಿಯ ಈ ಶುಂಠಿ ಮಿಠಾಯಿ ಕಾರ್ಖಾನೆಯನ್ನು, ಸ್ವಚ್ಛತೆಯ ಸರ್ಟಿಫಿಕೇಟ್ ಕೊಡುವ ಮಿಸ್ ಹ್ಯಾಡೋ ಬ್ರಿಸ್ಬೇನಿನಲ್ಲಿ ಕೂತೇ ಫೋನಿನಲ್ಲಿ ತಪಾಸಣೆ ಮಾಡುವವಳಿದ್ದಳು. ಫೋನ್ ಹಿಡಿದು ಓಡಾಡುವ ಕೆಲಸ ಗುಣಮಟ್ಟ ವಿಭಾಗದ ಗುಮಾಸ್ತ ಎಮೋಸಿಯದು.

"ಸಾರ್, ಇರೋದು ನಾಲ್ಕೇ ಜೊತೆ. ಮೇಜು ಮೂರು, ಹೆಂಗಸ್ರು ಹನ್ನೆರಡು."

"ಒಂದು ಮೇಜು ಮುಗಿದ ಕೂಡ್ಲೆ ಗೋಡೆ ಕಡೆ ತಿರುಗಿ ಸ್ವಚ್ಛತೆ ಪಟ್ಟಿ ಓದು. ಅಷ್ಟರಲ್ಲಿ ಕೈಗವಸು ನಿನ್ನ ಬೆನ್ನ ಹಿಂದೆ ಮುಂದಿನ ಮೇಜಿಗೆ ಹೋಗಿರತ್ತೆ. ಸರ್ಟಿಫಿಕೇಟ್ ಹೋಯ್ತೋ, ನಿನ್ನ ಕೆಲಸಾನೂ ಹೋಯ್ತು."

ಎಮೋಸಿಯ ಹೆಂಡತಿಗೆ ಮೂರನೇ ಬಸಿರು, ಏಳು ತಿಂಗಳು. ಅವನು ಫೋನನ್ನು ಎರಡೂ ಕೈಯಲ್ಲಿ ಹಿಡಿದು, ತುಂಬಿದ ಸಾರಿನ ಬಟ್ಟಲು ಹೊತ್ತವನಂತೆ ಬಾಗಿಲು ದಾಟಿದ.

"ನಿಲ್ಲೋ!" ಎಂದಳು ಮೂರನೇ ಮೇಜಿನ ಬುಬು ತೊರಿಕಾ. ಎಲ್ಲರಿಗೂ ಅಜ್ಜಿಯಾದ ಅವಳ ಮಾತು ಮೀರಿದವರು ಆ ಊರಿನಲ್ಲಿರಲಿಲ್ಲ. "ಪರವೂರಿನವಳನ್ನ ಕಾಣಿಕೆಗೆ ಯಂಗೋನಾ ಬೇರು ಒಪ್ಪಿಸದೆ ಒಳಗೆ ಕರ್ಕೊಂಡು ಬರ್ತೀಯಾ? ಕೊರಳ ಮೇಲಿರೋದು ತಲೆಯೋ, ಕುಂಬಳಕಾಯೋ?"

"ಬುಬು, ಆಕೆ ಬಂದಿಲ್ಲ. ಫೋನಲ್ಲಿದ್ದಾಳೆ."

"ಮಾತಾಡ್ತಾಳಲ್ಲ? ನೋಡ್ತಾಳಲ್ಲ? ಅಂದ್ಮೇಲೆ ಬಂದಂಗೇ."

ಸಂಜೆ ಅರೆದು ಕುಡಿಯಲೆಂದು ತಂದಿಟ್ಟುಕೊಂಡಿದ್ದ ತನ್ನ ಬೇರಿನ ಕಟ್ಟನ್ನೇ ಎಮೋಸಿ ಆಕೆಯ ಪರವಾಗಿ ಒಪ್ಪಿಸಿದ. ಚಾಪೆಯ ಮೇಲೆ ಫೋನನ್ನು ದಿಂಬಿಗೆ ಒರಗಿಸಿದರು. ಅಜ್ಜಿಯ ಮುಖ ಅತಿಥಿಗೆ ಕಾಣಲೆಂದು ಎಮೋಸಿ ಮುಂಭಾಗದ ಕ್ಯಾಮೆರಾ ಹಾಕಿದ. ಪದ್ಧತಿಯಂತೆ ಎಲ್ಲರೂ ಚಪ್ಪಾಳೆ ತಟ್ಟಿದರು. ಬ್ರಿಸ್ಬೇನಿನಲ್ಲೂ ಯಾರೋ ತಟ್ಟಿದ್ದು ಕೇಳಿಸಿತು.

ಅಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು. ಕಂಬದ ಮರೆಯಿಂದ ಕಿತಿಯೋನೆ ಗಡಿಯಾರ ತೋರಿಸಿ ಹಲ್ಲು ಕಡಿಯುತ್ತಿದ್ದ. ಎಮೋಸಿ ಗಾಬರಿಯಲ್ಲಿ ಫೋನನ್ನು ಬಾಚಿಕೊಂಡು ಮೊದಲ ಮೇಜಿಗೆ ಓಡಿದ. ಪರದೆಯ ತುಂಬ ಮಿಸ್ ಹ್ಯಾಡೋ ನಗುತ್ತಿದ್ದಳು. ಎಮೋಸಿಯ ಸ್ವಂತ ಮುಖ ಕಾಣುವ ಮೂಲೆಯ ಮೇಲೆ ಅವನದೇ ಗೆಣಸಿನಂಥ ಹೆಬ್ಬೆರಳಿತ್ತು.

"ನೋಡಿ ಮೇಡಂ, ಎಲ್ಲರ ಕೈಗೂ ಕೈಗವಸು!"

"ಓಹೋ. ಮುಂದುವರಿಸಿ," ಎಂದಳಾಕೆ.

ಎಮೋಸಿ ಗೋಡೆಯತ್ತ ತಿರುಗಿ ಪಟ್ಟಿ ಓದತೊಡಗಿದ. ಬೆನ್ನ ಹಿಂದೆ ಕೈಗವಸು ಬೇಗ ಕಳಚಲಿಲ್ಲ. ಎಳೆದರೆ ರಬ್ಬರು ಚಟ್ಟೆಂದು ಹೊಡೆಯುತ್ತಿತ್ತು. ಒಂದಂತೂ ಪಾಕದ ಕಡಾಯಿಗೇ ಹಾರಿತು. ಹೆಂಗಸರು ಬಿರಿದ ಬೆರಳುಗಳನ್ನು ಊದಿಕೊಳ್ಳುತ್ತ ನಿಂತರು. ತಾಳಲಾರದೆ ಕಿತಿಯೋನೆಯೇ ಅಂಬೆಗಾಲಿಟ್ಟು, ಮರಿ ಸಾಗಿಸುವ ಬೆಕ್ಕಿನಂತೆ ಕೈಗವಸುಗಳನ್ನು ಬಾಯಲ್ಲಿ ಕಚ್ಚಿಕೊಂಡು ಎರಡನೇ ಮೇಜಿಗೆ, ಅಲ್ಲಿಂದ ಮೂರನೆಯದಕ್ಕೆ ಹೊರಟ. ಬಾಲವೊಂದೇ ಕಡಿಮೆ.

"ಮುಂದುವರಿಸಿ, ಮುಂದುವರಿಸಿ," ಎನ್ನುತ್ತ ಮಿಸ್ ಹ್ಯಾಡೋ ಸರಸರನೆ ಬರೆದುಕೊಳ್ಳುತ್ತಿದ್ದಳು.

ಕೊನೆಯ ಮೇಜೂ ಮುಗಿಯಿತು. ಎಮೋಸಿ ಬೆವರು ಒರೆಸಿಕೊಂಡು, "ಹೇಗಿತ್ತು ಮೇಡಂ?" ಎಂದ.

"ಹದಿನೆಂಟು ವರ್ಷದಲ್ಲಿ ಇಷ್ಟು ಒಳ್ಳೇ ತಪಾಸಣೆ ನಾನು ಮಾಡಿಲ್ಲ, ಎಮೋಸಿ." ಕಂಬದ ಮರೆಯಲ್ಲಿ ಕಿತಿಯೋನೆ ಮುಷ್ಟಿ ಎತ್ತಿ ಕುಣಿದ. "ನೀವು ಕ್ಯಾಮೆರಾ ತಿರುಗಿಸಲೇ ಇಲ್ಲ; ತೋರಿಸಿದ ಮೇಜು ಒಂದೂ ಕಾಣಲಿಲ್ಲ. ಉದ್ದಕ್ಕೂ ಕಂಡಿದ್ದು ನಿಮ್ಮ ಮುಖ, ನಿಮ್ಮ ಬೆನ್ನ ಹಿಂದಿನದೆಲ್ಲ. ಅಂದ ಹಾಗೆ, ಕೈಗವಸು ಕಚ್ಕೊಂಡು ಅಂಬೆಗಾಲಿಡ್ತಿದ್ದವರು ಯಾರು? ಸೋಮವಾರ ಮತ್ತೆ ಫೋನ್ ಮಾಡ್ತೀನಿ. ಹನ್ನೆರಡು ಜೊತೆ ಕಾಣದಿದ್ರೆ ಸರ್ಟಿಫಿಕೇಟ್ ಇಲ್ಲ."

ಪರದೆ ಕಪ್ಪಾಯಿತು. ಕಿತಿಯೋನೆ ಮಾತ್ರ ಕೆಂಪಾಗಿದ್ದ.

"ಅಂಬೆಗಾಲಿಟ್ಟಿದ್ದು ನೀನೇ ಅಂತ ಬರ್ದು ಕೊಡು!"

"ಹೆಂಗೆ ಸಾರ್? ಅಷ್ಟು ಹೊತ್ತೂ ಆಕೆ ನೋಡಿದ್ದು ನನ್ನ ಮುಖಾನೇ."

"ಹಂಗಾದ್ರೆ ನಿನ್ನ ಕೆಲಸಕ್ಕೂ ಸೋಮವಾರವೇ ಕೊನೆ. ಹೋಗು, ಕೈಗವಸು ಬಿಚ್ಚಿಸಿ ಪೆಟ್ಟಿಗೆಗೆ ಹಾಕು. ಸವೆದು ಹೋಗ್ತವೆ!"

ಎಮೋಸಿ ಪೆಟ್ಟಿಗೆ ಹಿಡಿದು ಮೂರನೇ ಮೇಜಿಗೆ ಹೋದ. ಅಲ್ಲಿ ನಾಲ್ವರ ಕೈಯಲ್ಲಿ ಕೈಗವಸಿತ್ತು, ಒಬ್ಬಳದು ಪಾಕದಲ್ಲಿ ಮಿಂದದ್ದು. ಬುಬು ತೊರಿಕಾ ಅವನನ್ನು ನೋಡಿದಳು, ಅವನ ಹಿಂದಿದ್ದ ಮ್ಯಾನೇಜರನ್ನೂ ನೋಡಿದಳು. ಕೈಗವಸು ತೊಟ್ಟ ಕೈಯಲ್ಲೇ ಇನ್ನೊಂದು ಶುಂಠಿ ಎತ್ತಿಕೊಂಡು ಹೆಚ್ಚತೊಡಗಿದಳು.

"ಬಿಚ್ಚಲ್ಲ," ಎಂದಳು.