ಎರಡು ಹೊಗಳಿಕೆಯ ನಡುವೆ ಒಂದು ದೂರು

"ಇವನ ಬಾಯಿಗಿಂತ ನಮ್ಮ ಒಗೆಯೋ ಮೆಷಿನ್ ವಾಸಿ ಕಣ್ರೋ! ಕೆಟ್ಟಾಗಲಾದ್ರೂ ಅದು ಇಂಗ್ಲಿಷಲ್ಲಿ ಎರರ್ ಅಂತ ತೋರಿಸುತ್ತೆ. ಇವನಿಗೆ ಅದೂ ಬರಲ್ಲ!"

ಸೂಪರ್‌ವೈಸರ್ ಹೀಗೆಂದಾಗ ದೊಡ್ಡ ಹೋಟೆಲಿನ ನೆಲಮಾಳಿಗೆಯ ಲಾಂಡ್ರಿಯಲ್ಲಿದ್ದವರೆಲ್ಲ ಹಲ್ಲು ಕಿರಿದರು. ಕಿರಿಯದಿದ್ದರೆ ನಾಳೆ ತಮ್ಮ ಸರದಿ ಎಂದು ಎಲ್ಲರಿಗೂ ಗೊತ್ತು. ಇಸ್ತ್ರಿಯವನು ಮಾತ್ರ ಒಂದೇ ದಿಂಬಿನ ಕವರನ್ನು ಮತ್ತೆ ಮತ್ತೆ ತೀಡುತ್ತ ನಿಂತ.

ಅವನು ಮಾಡಿದ ತಪ್ಪು ಇಷ್ಟೇ. ಮೇಲಿನ ಕೋಣೆಯ ಅತಿಥಿಯೊಬ್ಬ ಬೆಳಿಗ್ಗೆ ಫೋನ್ ಮಾಡಿ, ನನ್ನ ಅಂಗಿ ಸುಟ್ಟುಬಿಟ್ಟೆಯಾ ಎಂದು ಇಂಗ್ಲಿಷಿನಲ್ಲಿ ಕೇಳಿದ್ದ. ಅಂಗಿ ನೆಟ್ಟಗೇ ಇತ್ತು. ಆದರೆ ಇಂಗ್ಲಿಷ್ ಕಿವಿಗೆ ಬಿದ್ದರೆ ಇಸ್ತ್ರಿಯವನ ತಲೆ ಬರಿದಾಗುತ್ತದೆ. "ಎಸ್ ಸರ್, ಥ್ಯಾಂಕ್ಯೂ ಸರ್" ಎಂದುಬಿಟ್ಟಿದ್ದ.

"ಮಧ್ಯಾಹ್ನ ಹೆಡ್ಡಾಫೀಸಿನ ಮೇಡಂ ಬರ್ತಾರೆ," ಸೂಪರ್‌ವೈಸರ್ ಮುಂದುವರಿಸಿದ. "ಫೀಡ್‌ಬ್ಯಾಕ್ ಅಂತೆ. ನಾನು ನಿಮ್ಮ ಬಗ್ಗೆ ಹೇಳಬೇಕು, ನೀವು ನನ್ನ ಬಗ್ಗೆ. ಆಕೆಗೆ ಕನ್ನಡ ಬರಲ್ಲ, ಎಲ್ಲಾ ಇಂಗ್ಲಿಷೇ. ನನ್ನೆದುರಿಗೇ ಹೇಳಬೇಕು. ಗೊತ್ತಾಯ್ತಲ್ಲ?"

ಕೊನೆಯ ಮಾತನ್ನು ಚಾಕು ಮಸೆಯುವವನ ಹಾಗೆ ಎಳೆದ.

ಹೋಟೆಲಿನವರು ಪೇಟೆಯಾಚೆ ಹೊಸ ಕಟ್ಟಡ ಕಟ್ಟಿದ್ದರು. ಅಲ್ಲಿನ ಲಾಂಡ್ರಿಗೆ ಯಾರು ಹೋಗಬೇಕೆಂದು ತೀರ್ಮಾನಿಸುವವಳು ಈ ಮೇಡಮ್ಮೇ. ಅಲ್ಲಿಗೆ ಹೋದರೆ ಇಸ್ತ್ರಿಯವನಿಗೆ ಈ ಮನುಷ್ಯನ ಬಾಯಿಂದ ಬಿಡುಗಡೆ. ಬೆಳಿಗ್ಗೆ ಹೆಂಡತಿಯೂ ಹೇಳಿ ಕಳಿಸಿದ್ದಳು: "ಇವತ್ತು ಬಾಯಿಬಿಟ್ಟು ಕೇಳ್ರೀ. ಅವನ ಮೇಲಿನ ಸಿಟ್ಟನ್ನ ತಂದು ನನ್ನ ಮೇಲೆ ತೀರಿಸ್ಕೋತೀರ. ನನಗೂ ಸಾಕಾಗಿದೆ."

ಊಟದ ಹೊತ್ತಿಗೆ ದರ್ಜಿ ಅವನನ್ನು ಬಟ್ಟೆಗಂಟುಗಳ ಹಿಂದಕ್ಕೆ ಎಳೆದ. ಹರಿದ ಹೊದಿಕೆ ಹೊಲಿಯುವ ಈ ದರ್ಜಿ ಅಲ್ಲಿ ಇಂಗ್ಲಿಷ್ ಬಲ್ಲ ಒಬ್ಬನೇ ಒಬ್ಬ.

"ನೋಡಪ್ಪ, ಇದಕ್ಕೊಂದು ಕ್ರಮ ಇದೆ. ಮೊದಲು ಹೊಗಳು. ಮಧ್ಯೆ ದೂರು. ಆಮೇಲೆ ಮತ್ತೆ ಹೊಗಳು. ಬಾಳೆಹಣ್ಣಲ್ಲಿ ಮಾತ್ರೆ ಇಟ್ಟು ನುಂಗಿಸ್ತಾರಲ್ಲ, ಹಾಗೆ."

"ಮಾತ್ರೆ ಒಂದೇ ಕೊಟ್ರೆ?"

"ನಿನ್ನ ಕೆಲಸಾನೇ ನುಂಗಿಬಿಡ್ತಾರೆ!"

ಒಗೆಯುವ ಅಕ್ಕ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದಳು. "ಕಣ್ಣಲ್ಲಿ ಕಣ್ಣಿಟ್ಟು ಮಾತಾಡು ತಮ್ಮಾ. ನೆಲ ನೋಡಿದ್ರೆ ಕಳ್ಳ ಅಂದ್ಕೋತಾರೆ."

"ಕಣ್ಣು ನೋಡಿದ್ರೆ ಸೊಕ್ಕು ಅಂತಾರಕ್ಕಾ. ಹಣೆ ನೋಡ್ಲಿ."

"ಹಣೆ ನೋಡಿದ್ರೆ ಜಾತಕ ಓದ್ತಿದಾನೆ ಅಂದ್ಕೊಳ್ಳಲ್ವಾ?"

ಅವರಿಬ್ಬರೂ ಜಗಳಕ್ಕೆ ಬಿದ್ದರು. ಇಸ್ತ್ರಿಯವನು ಬಟ್ಟೆ ಒಣಗಿಸುವ ಮೆಷಿನಿನ ಗಾಜಿಗೆ ಮುಖ ಕೊಟ್ಟು ಬಾಯಿಪಾಠ ಮಾಡಿದ. ಒಳ್ಳೆಯ ಮನುಷ್ಯ. ತುಂಬಾ ಬೈತಾರೆ, ಭಯ ಆಗುತ್ತೆ. ಹೊಸ ಕಟ್ಟಡಕ್ಕೆ ಹಾಕಿ. ಒಳ್ಳೆಯ ಮನುಷ್ಯ.

ಅವನ ಸರದಿ ಕೊನೆಗೆ ಬಂತು. ಕೋಣೆಯ ತುಂಬ ಎ.ಸಿ. ಚಳಿ, ಆದರೂ ಅವನ ಅಂಗಿ ಆಗತಾನೇ ಒಗೆದು ತೆಗೆದಂತಿತ್ತು. ಮೇಡಂ ನಕ್ಕಳು. ಭಯ ಇಮ್ಮಡಿಸಿತು. ಬೈಯುವವರು ಏನು ಮಾಡುತ್ತಾರೆಂದು ಗೊತ್ತು. ನಗುವವರು ಏನು ಮಾಡುತ್ತಾರೋ ಯಾರಿಗೆ ಗೊತ್ತು? ಪಕ್ಕದ ಕುರ್ಚಿಯಲ್ಲಿ ಸೂಪರ್‌ವೈಸರ್ ಕಲ್ಲಿನಂತೆ ಕೂತಿದ್ದ.

"ಹಿ... ಗುಡ್ ಮ್ಯಾನ್, ಮೇಡಂ."

ಇನ್ನು ಮಾತ್ರೆ. ಅಷ್ಟರಲ್ಲಿ ಸೂಪರ್‌ವೈಸರ್ ಒಮ್ಮೆ ಕೆಮ್ಮಿದ. ಮಾತ್ರೆ ಎಲ್ಲಿ ಉರುಳಿಹೋಯಿತೋ, ಎಷ್ಟು ತಡಕಿದರೂ ಸಿಗಲಿಲ್ಲ.

"ವೆರಿ ಗುಡ್ ಮ್ಯಾನ್."

ಮೇಡಂ ಇನ್ನೂ ಕಾಯುತ್ತಿದ್ದಳು. ಇಸ್ತ್ರಿಯವನು ಇನ್ನೂ ಏನಾದರೊಂದು ಹೇಳಲೇಬೇಕಿತ್ತು.

"ಲೈಕ್... ಫಾದರ್!" ಎಂದ. ಉಸಿರು ಕಟ್ಟುವ ಮೊದಲು ಇನ್ನೊಂದನ್ನೂ ಉಗುಳಿದ: "ನ್ಯೂ ಬಿಲ್ಡಿಂಗ್, ಪ್ಲೀಸ್."

ಮೇಡಂ ಸೂಪರ್‌ವೈಸರನ ಕಡೆ ತಿರುಗಿ, ಇವನ ಬಗ್ಗೆ ಹೇಳು ಎಂದು ಕೈ ತೋರಿದಳು.

ಆಗ ಇಸ್ತ್ರಿಯವನು ಕಂಡಿದ್ದನ್ನು ಲಾಂಡ್ರಿಯಲ್ಲಿ ಯಾರೂ ನಂಬುತ್ತಿರಲಿಲ್ಲ. ಆ ಯಮಧರ್ಮನ ಮೊಣಕಾಲು ಮೇಜಿನ ಕೆಳಗೆ ಹೊಲಿಗೆ ಮೆಷಿನಿನ ಸೂಜಿಯಂತೆ ಕುಣಿಯುತ್ತಿತ್ತು! ಅವನಿಗೆ ಬರುತ್ತಿದ್ದ ಇಂಗ್ಲಿಷೆಲ್ಲ ಈಡಿಯಟ್, ಯೂಸ್‌ಲೆಸ್, ಗೆಟ್‌ಔಟ್. ಅವನ್ನು ತೆಗೆದಿಟ್ಟರೆ ಡಬ್ಬಿ ಖಾಲಿ.

"ಗುಡ್... ಗುಡ್ ಬಾಯ್," ಎಂದು ತೊದಲಿ, ಮುಳುಗುವವನು ಹುಲ್ಲುಕಡ್ಡಿ ಹಿಡಿದಂತೆ ಇವನ ಮಾತನ್ನೇ ಹಿಡಿದುಕೊಂಡ. "ಲೈಕ್ ಸನ್!"

ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು.

ಸಂಜೆ ಎಲ್ಲರನ್ನೂ ನಿಲ್ಲಿಸಿ ಆಕೆ ಇಂಗ್ಲಿಷಿನಲ್ಲಿ ಉದ್ದಕ್ಕೆ ಮಾತಾಡಿ, ಇಸ್ತ್ರಿಯವನ ಕೈ ಕುಲುಕಿ ಹೊರಟಳು. ಸೂಪರ್‌ವೈಸರ್ ಅವಳನ್ನು ಲಿಫ್ಟಿನವರೆಗೆ ಬಿಡಲು ಓಡಿದ.

"ಏನಂದ್ರು? ಬೇಗ ಹೇಳಣ್ಣಾ!"

"ನಿನ್ನನ್ನ ಹೊಸ ಕಟ್ಟಡಕ್ಕೆ ಹಾಕಿದಾರೆ ಕಣೋ!" ಎಂದ ದರ್ಜಿ.

ಇಸ್ತ್ರಿಯವನು ಅಲ್ಲೇ ಕುಣಿದುಬಿಟ್ಟ.

"ಪೂರ್ತಿ ಕೇಳೋ ಮಾರಾಯ. ಆ ಮನುಷ್ಯನ್ನ ಇವತ್ತೇ ಕೆಲಸದಿಂದ ತೆಗೀಬೇಕು ಅಂತಿದ್ರಂತೆ. ನಾನು ಅವನೆದುರಿಗೇ ಎಲ್ಲಾ ಹೇಳಿದ್ದೆ. ಅವನಿಗೆ ಅರ್ಥವಾಗದೆ ಕೂತು ತಲೆಯಾಡಿಸ್ತಿದ್ದ. ಅಷ್ಟರಲ್ಲಿ ನೀನು ಹೋಗಿ ತಂದೆ ಅಂದೆಯಂತೆ, ಅವನು ಮಗ ಅಂದನಂತೆ. ಇಂಥ ಜೋಡಿಯನ್ನ ಎಲ್ಲೂ ನೋಡಿಲ್ಲ, ಇಬ್ಬರೂ ಜೊತೆಗೇ ಹೋಗಿ ಅಂದ್ರು. ಸದ್ಯಕ್ಕೆ ಅಲ್ಲಿ ನೀವಿಬ್ಬರೇ."

ಅಕ್ಕ ಮೆಲ್ಲಗೆ, "ಅಂದ್ರೆ ನಾಳೆಯಿಂದ ಅವನು ಇಲ್ಲಿರಲ್ವಾ?" ಎಂದಳು. ಲಾಂಡ್ರಿಗೆ ಲಾಂಡ್ರಿಯೇ ಕೇಕೆ ಹಾಕಿತು. "ನಿನ್ನ ಹೊಟ್ಟೆ ತಣ್ಣಗಿರ್ಲಿ ತಮ್ಮಾ!"

ಕೇಕೆ ತಟ್ಟನೆ ನಿಂತಿತು. ಬಾಗಿಲಲ್ಲಿ ಸೂಪರ್‌ವೈಸರ್. ಅವನು ನೇರವಾಗಿ ಬಂದು ಎಲ್ಲರೆದುರು ಇಸ್ತ್ರಿಯವನ ಹೆಗಲ ಮೇಲೆ ಕೈಯಿಟ್ಟ. ಕಣ್ಣು ಒದ್ದೆಯಾಗಿತ್ತು.

"ನಿನ್ನ ಮನಸ್ಸಲ್ಲಿ ಇಷ್ಟಿದೆ ಅಂತ ಗೊತ್ತಿರಲಿಲ್ಲ ಕಣೋ. ಇಷ್ಟು ದಿನ ಹೊರಗಿನವನು ಅಂತ ನಾಲಿಗೆ ಬಿಗಿಹಿಡಿದು ಬೈತಿದ್ದೆ. ಮಗ ಅಂದ ಮೇಲೆ ಸಂಕೋಚ ಏನು? ಇನ್ಮೇಲೆ ಮನಸ್ಸು ಬಿಚ್ಚಿ ಬೈತೀನಿ. ಏನಂತೀಯ?"

ಇಸ್ತ್ರಿಯವನು ಆ ಕೈಯನ್ನು ಹೆಗಲಿಂದ ಮೆಲ್ಲಗೆ ಇಳಿಸಿದ. ಗೂಟದಲ್ಲಿದ್ದ ಚೀಲ ತೆಗೆದುಕೊಂಡು, ಯಾರ ಮುಖವನ್ನೂ ನೋಡದೆ, ಮೆಟ್ಟಿಲು ಹತ್ತಿ ಹೊರಟುಹೋದ.