ಜ್ವರಕ್ಕೆ ಕೂತ ಕಂಪ್ಯೂಟರ್

ನಮ್ಮ ಭಾವನವರು ಈ ಜನ್ಮದಲ್ಲಿ ಒಂದೇ ಒಂದು ಬಾಗಿಲನ್ನೂ ಪೂರ್ತಿ ಮುಚ್ಚಿದವರಲ್ಲ! ನಂಬಿಕೆ ಬರದಿದ್ದರೆ ಸುಗಟೂರಿಗೆ ಹೋಗಿ ಅವರ ಮನೆಯ ಬೀರು, ಫ್ರಿಜ್ಜು, ಬಚ್ಚಲುಮನೆ ಯಾವುದನ್ನಾದರೂ ನೋಡಿ. ಎಲ್ಲವೂ ಬೆರಳಗಲ ತೆರೆದೇ ಇರುತ್ತವೆ. ಮರೆವಲ್ಲ, ಸೋಮಾರಿತನವೂ ಅಲ್ಲ. ಬಾಗಿಲಿಗೆ ಎಲ್ಲಿ ನೋವಾದೀತೋ ಎಂಬ ಸಂಕಟ!

ಇದು ರೇಷ್ಮೆ ಹುಳು ಕಲಿಸಿದ ಪಾಠ. ಮೀಸೆ ಮೂಡುವ ಮೊದಲೇ ಹುಳು ಸಾಕಲು ನಿಂತವರು ಅವರು. ಹಣ್ಣಾದ ಹುಳುವನ್ನು ಗೂಡು ಕಟ್ಟಲು ಚಂದ್ರಿಕೆಯೆಂಬ ಬಿದಿರು ತಟ್ಟಿಗೆ ಬಿಡುವಾಗ ಬೆರಳು ತುಸು ಬಿಗಿಯಾದರೂ ಹುಳು ಕೆಟ್ಟಿತು. ಹಾಗಾಗಿ ಅವರ ಕೈ ಲೋಕದ ಸಕಲ ವಸ್ತುಗಳನ್ನೂ ಹುಳು ಎಂದೇ ತಿಳಿದುಬಿಟ್ಟಿದೆ. ಕೋಲಾರದ ನಮ್ಮ ಮನೆಗೆ ಬಂದರೆ ಕಾಲಿಂಗ್ ಬೆಲ್ಲು ಬಡಿದುಕೊಳ್ಳುವುದಿಲ್ಲ, ಗಂಟಲು ಸರಿಮಾಡಿಕೊಳ್ಳುತ್ತದೆ ಅಷ್ಟೇ. ಕಳೆದ ಸಲ ಓಟು ಹಾಕಲು ಹೋದಾಗ ರಟ್ಟಿನ ಮರೆಯಲ್ಲಿ ನಿಂತಿದ್ದಾರೆ, ನಿಂತೇ ಇದ್ದಾರೆ! ಕೊನೆಗೆ ಮತಗಟ್ಟೆಯ ಅಧಿಕಾರಿಯೇ ಕೂಗಿದರಂತೆ.

"ಯಜಮಾನ್ರೇ, ಒಳಗೇನು ಮಾಡ್ತಿದೀರಾ?"

"ಒತ್ತಿದೀನಿ ಸಾರ್."

"ಒತ್ತಿದ್ರೆ ಸದ್ದು ಬರಬೇಕಲ್ರೀ!"

"ಪಾಪ, ಬೆಳಿಗ್ಗೆಯಿಂದ ದುಡಿದು ಸುಸ್ತಾಗೈತೆ ಸಾರ್ ನಿಮ್ ಮಿಷಿನ್ನು."

ಇಂಥವರು ಕಂಪ್ಯೂಟರ್ ಜೋಡಿಸಲು ಹೊರಟರೆ ಹೇಗಿರಬೇಡ!

ಅವರ ಮಗಳು ನರಸಾಪುರದ ಕಾರ್ಖಾನೆಯೊಂದರಲ್ಲಿ ಯಂತ್ರಗಳ ಬಿಡಿಭಾಗಗಳ ನಕ್ಷೆ ಬಿಡಿಸುತ್ತಿದ್ದಳು. ಹೆರಿಗೆಯಾದ ಮೇಲೆ ಶಿಫ್ಟು, ಕಂಪನಿ ಬಸ್ಸು ಯಾವುದೂ ಹೊಂದದೆ ಕೆಲಸ ಬಿಟ್ಟು, ಬಾಣಂತನಕ್ಕೆ ತವರಲ್ಲಿದ್ದಳು. ಅಷ್ಟರಲ್ಲಿ ಮನೆಯಿಂದಲೇ ನಕ್ಷೆ ಬಿಡಿಸುವ ಕೆಲಸವೊಂದು ಕಣ್ಣಿಗೆ ಬಿತ್ತು. ಸೋಮವಾರ ಬೆಳಿಗ್ಗೆ ಆನ್‌ಲೈನ್ ಪರೀಕ್ಷೆ. ಅಂದು ಕೂರದಿದ್ದರೆ ಆ ಕೆಲಸ ಬೇರೆಯವರ ಪಾಲು. "ಇದೊಂದು ಸಿಕ್ಕಿಬಿಟ್ರೆ ಸಾಕು ಚಿಕ್ಕಮ್ಮ, ನಾನು ಮತ್ತೆ ನಾನಾಗ್ತೀನಿ" ಎಂದು ಫೋನಿನಲ್ಲಿ ನನಗೆ ಹೇಳಿದಳು. ಅಂಥ ನಕ್ಷೆಗೆ ದೊಡ್ಡ ಕಂಪ್ಯೂಟರೇ ಬೇಕಂತೆ. ಬಿಡಿಭಾಗಗಳನ್ನು ಅವಳೇ ಆರಿಸಿ ತರಿಸಿದಳು. ಜೋಡಿಸಿಕೊಡಲು ಅಂಗಡಿಯವರು ಸಿದ್ಧರಿದ್ದರು, ಭಾವ ಬಿಡಬೇಕಲ್ಲ!

"ಅವ್ರು ಧಡಬಡ ಅಂತ ತುರುಕ್ತಾರೆ. ನಾನೇ ಕೂರಿಸ್ತೀನಿ."

ಶನಿವಾರ ಮಗು ನೋಡಲೆಂದು ನಾನು ಹೋದಾಗ ಭಾವ ಸ್ನಾನ ಮಾಡಿ, ಒಗೆದ ಪಂಚೆಯುಟ್ಟು, ಫೋನಿನ ವಿಡಿಯೋ ಮುಂದಿಟ್ಟುಕೊಂಡು ಕೂತಿದ್ದರು. ಸಂಜೆಯ ಹೊತ್ತಿಗೆ ಎಲ್ಲ ಜೋಡಿಸಿದ್ದಾಯಿತು. ಸ್ವಿಚ್ ಒತ್ತುವ ಕೆಲಸವನ್ನು ಮಾತ್ರ ಅಕ್ಕ ತಾನೇ ವಹಿಸಿಕೊಂಡಳು, ಇಲ್ಲದಿದ್ದರೆ ಅದಕ್ಕೇ ಇನ್ನೊಂದು ದಿನ ಬೇಕಾಗುತ್ತಿತ್ತು! ಫ್ಯಾನು ತಿರುಗಿತು. ಡಬ್ಬದೊಳಗೆ ಬಣ್ಣಬಣ್ಣದ ದೀಪ ಹತ್ತಿತು. ಪರದೆ ಮಾತ್ರ ಅಮಾವಾಸ್ಯೆ.

"ಏನಾಯ್ತು ಭಾವ?"

ಡಬ್ಬಕ್ಕೆ ಕಿವಿಯಿಟ್ಟು ಆಲಿಸಿದರು. ಆಮೇಲೆ ತೀರ್ಪು ಕೊಟ್ಟರು.

"ಜ್ವರಕ್ಕೆ ಕೂತೈತೆ."

ಹುಳು ಪೊರೆ ಕಳಚುವ ಮುಂಚೆ ಮೇವು ಬಿಟ್ಟು, ತಲೆಯೆತ್ತಿ, ಅಲ್ಲಾಡದೆ ಕೂತುಬಿಡುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಆಗ ಯಾರೂ ಅದನ್ನು ಮುಟ್ಟುವಂತಿಲ್ಲ.

"ಒಳಗೆ ಉಸಿರಾಡ್ತೈತೆ. ಬೆಳಿಗ್ಗೆ ತಾನೇ ಏಳ್ತೈತೆ, ಬಿಡಿ" ಎಂದು ಸ್ವಿಚ್ ಆರಿಸಿ, ಮೇಲೊಂದು ತೆಳು ಪಂಚೆ ಹೊದಿಸಿದರು!

"ಎದ್ದಮೇಲೆ ಸೊಪ್ಪು ಹಾಕ್ತೀರೇನೋ" ಎಂದಳು ಅಕ್ಕ.

ಭಾನುವಾರ ಬೆಳಿಗ್ಗೆಯೂ ಅದು ಏಳಲಿಲ್ಲ. ಮಗಳು ಒಂದು ಹೆಗಲಿಗೆ ಮಗು, ಒಂದು ಕೈಗೆ ಫೋನು ಹಿಡಿದು ಹುಡುಕಿ ಹುಡುಕಿ ಕೊನೆಗೆ ಹೇಳಿದಳು.

"ಅಪ್ಪಾ, ಮೆಮೊರಿ ಕಡ್ಡಿ ಸರಿಯಾಗಿ ಕೂತಿಲ್ಲ ಅನ್ಸುತ್ತೆ. ಪ್ಲಗ್ ಕಿತ್ತು, ಅದನ್ನ ತೆಗೆದು ಮತ್ತೆ ಹಾಕು. ಟಕ್ ಅನ್ನೋವರೆಗೂ ಒತ್ತಬೇಕಂತೆ."

ಭಾವ ಆ ಹಸಿರು ಕಡ್ಡಿಯನ್ನು ಎರಡು ಬೆರಳಲ್ಲಿ ತೆಗೆದು, ಚಂದ್ರಿಕೆಗೆ ಹುಳು ಬಿಟ್ಟಂತೆ ಸಂದಿಯಲ್ಲಿ ಮಲಗಿಸಿದರು.

"ಟಕ್ ಅಂತಾ?"

"ಅಂದಂಗಾಯ್ತು."

"ಅಂದಂಗಾಯ್ತು ಅಂದ್ರೇನಪ್ಪಾ! ಇವತ್ತೆಲ್ಲ ಸಾಫ್ಟ್‌ವೇರ್ ತುಂಬಿದ್ರೆ ತಾನೇ ನಾಳೆ ಪರೀಕ್ಷೆ? ಮಗೂನ ಹಿಡ್ಕೊ, ನಾನು ಒತ್ತುತ್ತೀನಿ."

"ಬ್ಯಾಡಮ್ಮ, ನಿಂದು ಫ್ಯಾಕ್ಟ್ರಿ ಕೈ!"

ತೆಗೆದರು, ಹಾಕಿದರು. ಮತ್ತೆ ತೆಗೆದರು, ಮತ್ತೆ ಹಾಕಿದರು. ಮಗಳ ಕಣ್ಣಲ್ಲಿ ನೀರು ತುಂಬತೊಡಗಿತು. ಅಕ್ಕನಿಗೆ ಕೋಪ ನೆತ್ತಿಗೇರಿದರೆ ಕನ್ನಡ ಸಾಲುವುದಿಲ್ಲ, ಅಡುಗೆಮನೆಯಿಂದ ತೆಲುಗಿನಲ್ಲೇ ಕೂಗಿದಳು: "ಗಟ್ಟಿಗಾ ನೊಕ್ಕಂಡಿ!" ಗಟ್ಟಿಯಾಗಿ ಒತ್ತಿರೀ ಅಂತ. ಬೀದಿಯವರಿಗೆಲ್ಲ ಕೇಳಿಸಿತು, ಭಾವನ ಬೆರಳಿಗೆ ಮಾತ್ರ ಕೇಳಿಸಲಿಲ್ಲ.

ಇನ್ನು ತಡೆಯಲಾರದೆ ನಾನೇ ಎದ್ದೆ. "ಜರುಗಿ ಭಾವ." ನನಗೆ ಕಂಪ್ಯೂಟರ್ ಬಗ್ಗೆ ಏನು ಗೊತ್ತು? ಏನೂ ಇಲ್ಲ. ಆದರೆ ಮದುವೆಯಾದಾಗಿನಿಂದ ದಿನಾ ಮುದ್ದೆ ತಿರುವಿದ ತೋಳು ಇದು! ಕಡ್ಡಿಯ ಎರಡೂ ತುದಿಗೆ ಹೆಬ್ಬೆರಳಿಟ್ಟು, ಗಂಟಾದ ಹಿಟ್ಟನ್ನು ಅದುಮುವ ಹಾಗೆ ಅದುಮಿದೆ. ಟಕ್!

"ಅಯ್ಯೋ, ಮುರೀತು!" ಭಾವ ಕಣ್ಣು ಮುಚ್ಚಿಕೊಂಡರು.

ಅಕ್ಕ ಓಡಿಬಂದು ಪ್ಲಗ್ ಹಾಕಿ ಸ್ವಿಚ್ ಒತ್ತಿದಳು. ಪರದೆ ಬೆಳಗಿತು.

"ಎದ್ದೈತೆ ಭಾವ, ಕಣ್ಣು ಬಿಡಿ."

ಒಂದೇ ಕಣ್ಣು ಬಿಟ್ಟು ನೋಡಿದರು. "ನಾನು ಹೇಳ್ಲಿಲ್ವಾ, ಬೆಳಿಗ್ಗೆ ಏಳ್ತೈತೆ ಅಂತ?"

ಏನು ಹೇಳುತ್ತೀರಿ ಇಂಥವರಿಗೆ!

ಪರೀಕ್ಷೆಯ ಹೊತ್ತು ಮಗು ನೋಡಿಕೊಳ್ಳಲೆಂದು ನಾನು ಸೋಮವಾರವೂ ಉಳಿದೆ. ಮಗಳು ಪರದೆಯ ಮುಂದೆ ಕೂತು ಎರಡು ಗೆರೆ ಎಳೆದಿದ್ದಳೋ ಇಲ್ಲವೋ, ಮಗು ಶುರುವಿಟ್ಟುಕೊಂಡಿತು. ನಾನು ತಟ್ಟಿದೆ, ಅತ್ತಿತು. ಅಕ್ಕ ತೂಗಿದಳು, ಕಿರುಚಿತು. ಮಗಳ ಕೈ ಮೌಸಿನ ಮೇಲೆ ನಿಂತುಬಿಟ್ಟಿತು. "ಆಗಲ್ಲ ಚಿಕ್ಕಮ್ಮ, ಎದ್ದುಬಿಡ್ತೀನಿ" ಎಂದು ಕುರ್ಚಿ ಹಿಂದೆ ಸರಿಸಿದಳು.

ಅಷ್ಟರಲ್ಲಿ ಹುಳುಮನೆಯಿಂದ ಬಂದ ಭಾವ ಕೈ ತೊಳೆದು, ಒರೆಸಿ, ಅಕ್ಕನ ಕೈಯಿಂದ ಮಗುವನ್ನು ತೆಗೆದುಕೊಂಡರು. ತೂಗಲಿಲ್ಲ, ತಟ್ಟಲಿಲ್ಲ. ಕತ್ತಿನ ಕೆಳಗೊಂದು ಅಂಗೈ, ಬೆನ್ನಿಗೊಂದು ಅಂಗೈ, ಅಷ್ಟೇ. ಮಗು ಎರಡು ಸಲ ಬಿಕ್ಕಿ, ಆಕಳಿಸಿ, ನಿದ್ದೆಹೋಯಿತು. ಅವರು ಮಗಳ ಕುರ್ಚಿಯ ಹಿಂದೆಯೇ ಗೋಡೆಗೊರಗಿ ನೆಲದ ಮೇಲೆ ಕೂತರು. ನಾನು ಬಾಗಿಲ ಬಳಿ ನಿಂತು ನೋಡುತ್ತಿದ್ದೆ.

ಮಗಳಿಗೆ ಈಗ ಬೇರೆಯೇ ಭಯ. ಮಗು ಎಚ್ಚರಾದೀತೆಂದು ಒಂದೊಂದು ಕೀಲಿಯನ್ನೂ ಮುಟ್ಟಿಯೂ ಮುಟ್ಟದ ಹಾಗೆ ಒತ್ತುತ್ತಿದ್ದಳು. ಎಷ್ಟಾದರೂ ಅವರ ಮಗಳೇ! ಅಕ್ಷರ ಮೂಡದೆ ಮತ್ತೆ ಒತ್ತುವಳು, ಗಡಿಯಾರ ನೋಡುವಳು.

ಭಾವ ಮಗುವಿನ ಮುಖದಿಂದ ಕಣ್ಣೆತ್ತದೆಯೇ ಹೇಳಿದರು.

"ಮೆಲ್ಲಗ್ಯಾಕಮ್ಮ ಒತ್ತೀಯಾ? ಜೋರಾಗೇ ಒತ್ತು. ಮಗು ನನ್ನ ಕೈಲೈತೆ."