ವಿರೂಪಾಕ್ಷ ಕಾಕಾನ ಪಥ್ಯಯಂತ್ರ

"ನೋಡ್ರಿ! ಪಥ್ಯ ಅಂದ್ರ ಏನು ಅಂತ ಇನ್ನ ಯಾರೂ ಜಗಳ ಆಡೂ ಹಂಗಿಲ್ಲ!" ಎನ್ನುತ್ತ ಪಕ್ಕದ ಮನೆಯ ವಿರೂಪಾಕ್ಷ ಕಾಕಾ ಚಾದರ ಎಳೆದರು. ಕೆಳಗಿದ್ದದ್ದು ಟ್ರಂಕಿನಷ್ಟು ದೊಡ್ಡ ಯಂತ್ರ. ಅದಕ್ಕೆ ಕಿವಿಯಂಥದೊಂದು ಕೊಳವೆ, ಉದ್ದನೆಯ ಉಕ್ಕಿನ ಕೈ!

ಎದುರಿಗೆ ಅವರ ತಾಯಿ ತಿಪ್ಪವ್ವಜ್ಜಿ ಮಣೆಯ ಮೇಲೆ ಕೂತಿದ್ದರು. ಕಾಮಾಲೆಯಾಗಿ ಆರು ವಾರ ಬರೀ ಗಂಜಿ ಕುಡಿದ ಜೀವ. ಅಂದು ಮುಂಜಾನೆಯಷ್ಟೇ ಡಾಕ್ಟರು, "ಆರಾಮ ಆಗೇತಿ, ಬೇಕಾದ್ದು ಉಣ್ರಿ" ಎಂದಿದ್ದರು. ತಾಟಿನಲ್ಲಿ ಕಡಕ್ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಕಾಯುತ್ತಿದ್ದವು. ಮಗ ಬಿಡಬೇಕಲ್ಲ!

"ಪಥ ಅಂದ್ರ ಹಾದಿ. ದೇಹದ ಹಾದಿಗೆ ಒಗ್ಗೂದು ಪಥ್ಯ. ನಿಘಂಟಿನಾಗ ಐತಿ!"

"ಹಂಗಾರ ಪಥ್ಯ ಮಾಡು ಅಂದ್ರ ತಿನ್ನು ಅಂತಲೋ, ಬಿಡು ಅಂತಲೋ?" ಎಂದೆ ನಾನು.

"ಎರಡೂ!"



"ನನ್ನ ಹಾದಿ ಬಾಯಿಂದ ಹೊಟ್ಟಿಗೆ ಐತಿ. ನೀ ಅಡ್ಡ ನಿಂತಿ, ಬಾಜೂಕ ಸರಿ!" ಎಂದರು ಅಜ್ಜಿ.

ಕಾಕಾ ಗುಂಡಿ ಒತ್ತಿದರು. ಉಕ್ಕಿನ ಕೈ ಗಪ್ಪನೆ ಎಣ್ಣೆಗಾಯಿ ಎತ್ತಿ ಅಟ್ಟದ ಮೇಲಿಟ್ಟಿತು.

"ಬದನೀಕಾಯಿ ನಂಜು! ಹೇಳಿದವರು ಶಿವಗಂಗವ್ವ!" ಎಂದು ಯಂತ್ರವೇ ಕೂಗಿತು.

ಮರುಕ್ಷಣ ರೊಟ್ಟಿಯೂ ಹೋಯಿತು. "ರೊಟ್ಟಿ ಉಷ್ಣ! ಹೇಳಿದವರು ಟೇಲರ್ ಮಲ್ಲೇಶಪ್ಪ!"

ಕಾಕಾನ ಹೆಂಡತಿ ನಾಗರತ್ನ ಕಾಕು ಮಜ್ಜಿಗೆ ತಂದರು. "ಶೀತ!" ಬಾಳೆಹಣ್ಣು ತಂದರು. "ಕಫ!" ನೀರು ತಂದರು. "ಬಿಸಿ ಇದ್ರ ಪಿತ್ತ, ತಣ್ಣಗಿದ್ರ ವಾಯು!"

"ಏನ್ ಕಲಿಸೀರಿ ಇದಕ್ಕ?" ಎಂದು ಕಾಕು ಗದರಿದರು.

ಕಾಕಾ ಹೆಮ್ಮೆಯಿಂದಲೇ ಹೇಳಿದರು: "ಆರೂ ವಾರ ಅವ್ವನ ಹಾಸಿಗಿ ಬಾಜೂಕ ಇಟ್ಟಿದ್ದೆ. ನೋಡಾಕ ಬಂದವರೆಲ್ಲ ಹೇಳಿದ್ದು ಕೇಳಿ ಕಲತೈತಿ!"

ಎಡವಟ್ಟಾದದ್ದು ಅಲ್ಲೇ! ನಮ್ಮ ಗಲ್ಲಿಯಲ್ಲಿ ರೋಗಿಯನ್ನು ನೋಡಲು ಬರಿಗೈಯಲ್ಲಿ ಬಂದರೂ ನಡೆದೀತು, ಒಂದಾದರೂ 'ಅದು ತಿನಬ್ಯಾಡ' ಹೇಳದೆ ಎದ್ದರೆ ಮರ್ಯಾದೆಯಲ್ಲ.

ಗದ್ದಲ ಕೇಳಿ ಗಲ್ಲಿಯ ಶಿವಗಂಗವ್ವ, ಮಲ್ಲೇಶಪ್ಪ, ಇನ್ನೂ ಹತ್ತು ಮಂದಿ ಒಳಗೆ ನುಗ್ಗಿದರು.

"ಮಂಡಕ್ಕಿ ಕೊಡ್ರಿ."

"ಮಂಡಕ್ಕಿ ಬ್ಯಾಡ, ಒಣಾ ಆಗತೈತಿ!"

"ಬೆಲ್ಲ?"

"ಬ್ಯಾಡ, ಹುಳಾ ಆಗತಾವ!"

ಹೇಳಿದ್ದನ್ನೆಲ್ಲ ಯಂತ್ರ ಕಲಿಯುತ್ತ ಹೋಯಿತು. ಕೈ ಕಿಟಕಿಯಿಂದಾಚೆ ಚಾಚಿ ಶಿವಗಂಗವ್ವನ ಒಲೆಯ ಮೇಲಿನ ಸಾರನ್ನೂ ನನ್ನ ಮನೆಯ ಉಪ್ಪಿನಕಾಯಿ ಭರಣಿಯನ್ನೂ ಎಳೆದು ತಂದಿತು! ಅಟ್ಟ ತುಂಬಿತು, ಅಜ್ಜಿಯ ತಾಟು ಫಳಫಳ ಹೊಳೆಯಿತು. ಅಜ್ಜಿಯ ಕಣ್ಣಲ್ಲಿ ನೀರು.

ನೀರು ಒರೆಸಿಕೊಂಡ ಅಜ್ಜಿ ಕೊಳವೆಯನ್ನು ಬಾಯಿಯ ಹತ್ತಿರ ಎಳೆದುಕೊಂಡರು.

"ಕೇಳಪಾ. ಬ್ಯಾಡ ಅನ್ನೂ ಮಂದಿ ನನಗ ಒಗ್ಗೂದಿಲ್ಲ."

ಯಂತ್ರ ಗುರ್ರ್ ಎಂದಿತು. "ಬ್ಯಾಡ ಅನ್ನೂ ಮಂದಿ ಅಪಥ್ಯ! ಹೇಳಿದವರು ತಿಪ್ಪವ್ವ!"

"ಅಯ್ಯ, ಹಂಗ ಅನಬ್ಯಾಡ್ರಿ" ಎನ್ನುವಷ್ಟರಲ್ಲಿ ಶಿವಗಂಗವ್ವ ಅಂಗಳದಲ್ಲಿದ್ದರು! "ನನ್ನ ಮುಟ್ಟಬ್ಯಾಡ!" ಮಲ್ಲೇಶಪ್ಪ ಅವರ ಪಕ್ಕದಲ್ಲಿ. "ಬ್ಯಾಡೋ, ನಿನ್ನ ಮಾಡಿದಾಂವ ನಾನು!" ಕಾಕಾ ತುಳಸಿಕಟ್ಟೆಯ ಮೇಲೆ. ನಾನು ಬಾಯಿ ಬಿಡದೆ, ನಡೆದೇ ಹೊರಬಂದೆ.

ಉಕ್ಕಿನ ಕೈ ಬಾಗಿಲು ಕಾಯುತ್ತ ನಿಂತಿತು; ಒಳಗೆ ಸೊಸೆ ನಾಗರತ್ನ ಕಾಕು ಅಟ್ಟದಿಂದ ರೊಟ್ಟಿ, ಎಣ್ಣೆಗಾಯಿ ಇಳಿಸಿ ಬಡಿಸಿದರು. ರೊಟ್ಟಿ ಮುರಿದ ಸದ್ದು ಗಲ್ಲಿಗೆಲ್ಲ ಕೇಳಿತು.

ಕಾಕಾ ಕಿಟಕಿಗೆ ಮೂಗು ಒತ್ತಿ ಕೂಗಿದರು: "ಅವ್ವಾ, ಕಡೀಕ ಪಥ್ಯ ಅಂದ್ರ ಏನಬೇ?"

ಅಜ್ಜಿ ಬಾಯಿ ತುಂಬಿಕೊಂಡೇ ಹೇಳಿದರು: "ಮಂದಿ ಹೊರಗ ಹೋದ ಮ್ಯಾಲೆ ಉಣ್ಣೂದು."